ಎರೆನೆಲದ ಮನೆಗೆ ಉಕ್ಕಿನ ಆಧಾರ: ಆರಿಸುವ ಮುನ್ನ ತಿಳಿಯಬೇಕಾದ ಸಂಗತಿಗಳು

(ಪುಣೆಯಲ್ಲಿ ನೆಲೆಸಿರುವ ಕನ್ನಡ ನಾಗರಿಕರಿಗಾಗಿ ನೀಡಿದ ಉಪನ್ಯಾಸದ ಪಠ್ಯ)

ಮನೆಯೆಂಬುದು ನಮ್ಮಲ್ಲಿ ಅನೇಕರ ಜೀವಮಾನದ ಗಳಿಕೆ. ವಿಜಯಪುರ, ಬಾಗಲಕೋಟೆ, ಕಲಬುರಗಿ, ಧಾರವಾಡ ಮೊದಲಾದ ಕಡೆಗಳಿಂದ ಉದ್ಯೋಗ ಅರಸಿ ಪುಣೆಗೆ ಬಂದು, ದುಡಿದು ಉಳಿಸಿದ ಹಣದಲ್ಲಿ ಇಲ್ಲಿ ಸೂರು ಮಾಡಿಕೊಂಡ ಕನ್ನಡ ಕುಟುಂಬಗಳು ಬಹಳ. ಅಂತಹ ಮನೆಯ ಗೋಡೆಯಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹರಿದಾಗ, ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡು ನಿಂತಾಗ, ನೆಲದ ಫರಸಿ ಉಬ್ಬಿ ಎದ್ದಾಗ ಮನೆಯವರಿಗೆ ಆತಂಕವಾಗುವುದು ಸಹಜ. ಆ ಆತಂಕದ ಗಳಿಗೆಯಲ್ಲಿಯೇ ಗುತ್ತಿಗೆದಾರರೊಬ್ಬರು ಬಂದು, ಅಡಿಪಾಯದ ಕೆಳಗೆ ಉಕ್ಕಿನ ಕಂಬಗಳನ್ನು ಇಳಿಸಿ ಮನೆಯನ್ನು ಶಾಶ್ವತವಾಗಿ ನಿಲ್ಲಿಸಿಕೊಡುತ್ತೇವೆ ಎಂದರೆ, ಒಪ್ಪಿಬಿಡಲು ಮನಸ್ಸು ತವಕಿಸುತ್ತದೆ.

ಉಕ್ಕಿನ ಕಂಬ ಒಳ್ಳೆಯ ಸಾಧನವೇ. ಆದರೆ ಅದು ಭಾರ ಹೊರುವ ಸಾಧನ. ಮಣ್ಣಿನ ದೋಷವನ್ನು ಅದು ನಿವಾರಿಸುವುದಿಲ್ಲ. ಮಣ್ಣನ್ನು ದಾಟಿ ಕೆಳಗಿನ ಗಟ್ಟಿ ನೆಲಕ್ಕೆ ಭಾರವನ್ನು ಒಪ್ಪಿಸುತ್ತದೆ, ಅಷ್ಟೆ. ಆದುದರಿಂದ ಯಾವ ಕಂಬ, ಎಷ್ಟು ಕಂಬ ಎಂಬ ಪ್ರಶ್ನೆಗೆ ಮೊದಲು ಇನ್ನೆರಡು ಪ್ರಶ್ನೆಗಳಿಗೆ ಉತ್ತರ ಸಿಗಬೇಕು. ಒಂದು, ಗಟ್ಟಿ ನೆಲ ಎಷ್ಟು ಆಳದಲ್ಲಿದೆ? ಎರಡು, ಅಡಿಪಾಯದ ಮಣ್ಣಿಗೆ ನೀರು ಎಲ್ಲಿಂದ ಬರುತ್ತಿದೆ, ಎಲ್ಲಿಗೆ ಹೋಗುತ್ತಿದೆ? ಈ ಎರಡನ್ನು ತಿಳಿಯದೆ ಆರಿಸಿದ ಕಂಬವು ಹಣವನ್ನು ನೆಲದೊಳಗೆ ಹೂಳಿದಂತೆ.

ಪುಣೆಯ ನೆಲದ ಸ್ವರೂಪ

ಪುಣೆ ನಗರವು ದಖನ್ ಪ್ರಸ್ಥಭೂಮಿಯ ಬಸಾಲ್ಟ್ ಶಿಲೆಯ ಮೇಲೆ ನಿಂತಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿ ಹರಿದ ಲಾವಾರಸವು ಪದರ ಪದರವಾಗಿ ಹೆಪ್ಪುಗಟ್ಟಿ ಈ ಕರಿಕಲ್ಲಾಯಿತು. ಕಲ್ಲಿನ ಮೇಲ್ಭಾಗವು ಗಾಳಿ ಮಳೆಗೆ ಸವೆದು, ನಾವು ಮುರುಮು ಎಂದು ಕರೆಯುವ ಹರಳು ಹರಳಾದ ನೆಲವಾಯಿತು. ಅದರ ಮೇಲೆ ಹಲವೆಡೆ ಎರೆಮಣ್ಣು, ಅಂದರೆ ಕಪ್ಪುಮಣ್ಣು, ಹಾಸಿಕೊಂಡಿದೆ. ಮೇಲೆ ಎರೆ, ನಡುವೆ ಮುರುಮು, ಕೆಳಗೆ ಬಂಡೆ. ಇದು ಇಲ್ಲಿನ ನೆಲದ ಸಾಮಾನ್ಯ ಕ್ರಮ. ನಮ್ಮ ವಿಜಯಪುರ, ಬಾಗಲಕೋಟೆಯ ಎರೆ ಸೀಮೆಯಲ್ಲಿ ಬೆಳೆದವರಿಗೆ ಇದು ಅಪರಿಚಿತವಲ್ಲ.

ಆದರೆ ಎಲ್ಲ ಕಡೆಯೂ ಒಂದೇ ದಪ್ಪವಿಲ್ಲ. ಗುಡ್ಡದ ಇಳಿಜಾರಿನಲ್ಲಿ ಅರ್ಧ ಮೀಟರು ಅಗೆದರೆ ಮುರುಮು ಸಿಕ್ಕೀತು. ತಗ್ಗಿನಲ್ಲಿ, ಮುಳಾ ಮತ್ತು ಮುಠಾ ನದಿಗಳ ದಂಡೆಗೆ ಸಮೀಪದಲ್ಲಿ, ನದಿ ತಂದು ಹಾಕಿದ ಮೆಕ್ಕಲು ಮಣ್ಣಿನ ಪದರ ಹೆಚ್ಚು ದಪ್ಪವಾಗಿರಬಹುದು. ಹಳೆಯ ಹಳ್ಳವನ್ನೋ ಕಲ್ಲುಗಣಿಯನ್ನೋ ಮಣ್ಣು ಸುರಿದು ಮುಚ್ಚಿ ನಿವೇಶನ ಮಾಡಿದ್ದರೆ ಅಲ್ಲಿನ ಲೆಕ್ಕವೇ ಬೇರೆ. ಒಂದೇ ಮನೆಯ ಒಂದು ಮೂಲೆ ಮುರುಮಿನ ಮೇಲೆ, ಇನ್ನೊಂದು ಮೂಲೆ ತುಂಬಿದ ಮಣ್ಣಿನ ಮೇಲೆ ಇರುವುದೂ ಉಂಟು. ಪಕ್ಕದ ಮನೆಯಲ್ಲಿ ಎರಡು ಮೀಟರಿಗೆ ಕಲ್ಲು ಸಿಕ್ಕಿತೆಂದು ನಮ್ಮ ಮನೆಯ ಕೆಳಗೂ ಅಷ್ಟೇ ಆಳದಲ್ಲಿ ಇದೆಯೆಂದು ನಂಬುವಂತಿಲ್ಲ.

ನೆನೆದ ಅಡಿಪಾಯ ಏನಾಗುತ್ತದೆಂಬುದನ್ನು ಈ ನಗರ ಒಮ್ಮೆ ಕಂಡಿದೆ. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು, ಅದರ ನೀರಿನ ರಭಸಕ್ಕೆ ಖಡಕ್‌ವಾಸ್ಲಾ ಅಣೆಕಟ್ಟೂ ಒಡೆದಾಗ, ಮುಠಾ ನದಿಯ ದಂಡೆಯ ಪೇಟೆಗಳಿಗೆ ನೀರು ನುಗ್ಗಿತು. ಮಣ್ಣಿನ ಗಾರೆಯಲ್ಲಿ ಕಟ್ಟಿದ ಅಸಂಖ್ಯ ಹಳೆಯ ಮನೆಗಳು ಕುಸಿದುಬಿದ್ದವು. ಮನೆ ಕಳೆದುಕೊಂಡವರಿಗಾಗಿ ಗೋಖಲೆನಗರ, ಸಹಕಾರನಗರ ಮೊದಲಾದೆಡೆ ವಸತಿಗಳು ಎದ್ದವು. ಅಂದು ನೀರು ಒಂದೇ ದಿನದಲ್ಲಿ ಮಾಡಿದ ಕೆಲಸವನ್ನು, ಸೋರುವ ಕೊಳವೆಯೊಂದು ಹತ್ತು ವರ್ಷಗಳಲ್ಲಿ ಸದ್ದಿಲ್ಲದೆ ಮಾಡಬಲ್ಲದು.

ಎರೆಮಣ್ಣು ಉಸಿರಾಡುವ ಬಗೆ

ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಅತಿ ಸೂಕ್ಷ್ಮ ಜೇಡಿ ಖನಿಜವಿರುತ್ತದೆ. ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಕುಳಿತ ಅದರ ಪದರಗಳ ನಡುವೆ ನೀರು ಹೊಕ್ಕರೆ ಮಣ್ಣು ಉಬ್ಬುತ್ತದೆ. ನೀರು ಆರಿದರೆ ಕುಗ್ಗಿ ಸೀಳುತ್ತದೆ. ಬೇಸಿಗೆಯಲ್ಲಿ ಎರೆಹೊಲ ಬಾಯಿಬಿಡುವುದೂ ಮಳೆಗಾಲದಲ್ಲಿ ಅದೇ ಬಿರುಕುಗಳು ಕೂಡಿಕೊಳ್ಳುವುದೂ ಇದೇ ಕಾರಣದಿಂದ. ಪುಣೆಯ ಮಳೆಯ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ಬೀಳುತ್ತದೆ. ಮಾರ್ಚಿನಿಂದ ಮೇವರೆಗೆ ನೆಲ ಒಣಗಿ ಬಿರಿಯುತ್ತದೆ. ಹೀಗೆ ಮನೆಯ ಕೆಳಗಿನ ಮಣ್ಣು ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ. ದಪ್ಪ ಎರೆಮಣ್ಣಿನ ಪ್ರದೇಶಗಳಲ್ಲಿ ಈ ಋತುಮಾನದ ಏರಿಳಿತ ಸುಮಾರು 3.5 ಮೀಟರು ಆಳದವರೆಗೂ ತಲಪುತ್ತದೆ. ಅದರ ಕೆಳಗೆ ತೇವ ಬಹುಮಟ್ಟಿಗೆ ಸ್ಥಿರವಾಗಿರುತ್ತದೆ.

ಮಣ್ಣು ಎಷ್ಟು ಉಬ್ಬೀತೆಂದು ತಿಳಿಯಲು ಸರಳವಾದ ಪರೀಕ್ಷೆಯಿದೆ. ಭಾರತೀಯ ಮಾನಕ ಐಎಸ್ 2720ರ 40ನೆಯ ಭಾಗದಲ್ಲಿ ಅದರ ವಿಧಾನವನ್ನು ಹೇಳಲಾಗಿದೆ. ಒಲೆಯಲ್ಲಿ ಒಣಗಿಸಿ ಜರಡಿ ಹಿಡಿದ ಮಣ್ಣಿನ 10 ಗ್ರಾಮಿನ ಎರಡು ಮಾದರಿಗಳನ್ನು ತೆಗೆದುಕೊಂಡು, ಒಂದನ್ನು ಶುದ್ಧ ನೀರಿರುವ ಅಳತೆಯ ಗಾಜಿನ ಕೊಳವೆಗೂ ಇನ್ನೊಂದನ್ನು ಸೀಮೆ ಎಣ್ಣೆ ಇರುವ ಕೊಳವೆಗೂ ಹಾಕುತ್ತಾರೆ. ಸೀಮೆ ಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಕನಿಷ್ಠ 24 ಗಂಟೆ ಬಿಟ್ಟು ಎರಡರ ಗಾತ್ರವನ್ನು ಹೋಲಿಸುತ್ತಾರೆ. ಸೀಮೆ ಎಣ್ಣೆಯಲ್ಲಿ 10 ಮಿಲಿಲೀಟರು, ನೀರಿನಲ್ಲಿ 18 ಮಿಲಿಲೀಟರು ಇದ್ದರೆ ಉಬ್ಬಿದ ಪ್ರಮಾಣ ಶೇಕಡಾ 80. ಈ ಅಂಕಿ 50ಕ್ಕಿಂತ ಕಡಿಮೆಯಿದ್ದರೆ ಭಯ ಕಡಿಮೆ. 100ನ್ನು ದಾಟಿದರೆ ಎಚ್ಚರಿಕೆ ಅತ್ಯಗತ್ಯ. ಎಂಜಿನಿಯರಿಂಗ್ ಕಾಲೇಜುಗಳ ಮಣ್ಣು ಪರೀಕ್ಷಾ ಶಾಲೆಗಳಲ್ಲಿ ಈ ಪರೀಕ್ಷೆ ಮಾಡಿಸಬಹುದು. ಇಡೀ ದುರಸ್ತಿಯ ಖರ್ಚಿನ ಮುಂದೆ ಇದರ ಖರ್ಚು ಅತ್ಯಲ್ಪ.

ಬಿರುಕನ್ನು ಓದುವುದು

ಎಲ್ಲ ಬಿರುಕೂ ಅಡಿಪಾಯದ್ದಲ್ಲ. ಮೇಲಂತಸ್ತಿನಲ್ಲಿ ತಾರಸಿಯೂ ಗೋಡೆಯೂ ಕೂಡುವಲ್ಲಿ ಅಡ್ಡಲಾಗಿ ಓಡುವ ಬಿರುಕು ಬಹುಶಃ ಬಿಸಿಲಿಗೆ ತಾರಸಿ ಹಿಗ್ಗಿ ಕುಗ್ಗಿದ್ದರ ಫಲ. ಗಿಲಾವಿನ ಮೇಲೆ ಜೇಡರ ಬಲೆಯಂತೆ ಕಾಣುವ ಸಣ್ಣ ಬಿರುಕು ಸಿಮೆಂಟು ಆರುವಾಗ ಬಂದದ್ದು. ಅಡಿಪಾಯದ ಬಿರುಕು ಸಾಮಾನ್ಯವಾಗಿ ಕಿಟಕಿ ಬಾಗಿಲುಗಳ ಮೂಲೆಯಿಂದ ಓರೆಯಾಗಿ ಹೊರಟು ಇಟ್ಟಿಗೆಯ ಸಂದುಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಮನೆಯ ಮೂಲೆ ಕೆಳಗೆ ಕುಳಿತಿದ್ದರೆ ಅಥವಾ ಮಧ್ಯಭಾಗ ಮೇಲೆ ಉಬ್ಬಿದ್ದರೆ ಬಿರುಕು ಮೇಲ್ಗಡೆ ಅಗಲವಾಗಿರುತ್ತದೆ. ಮಧ್ಯಭಾಗ ಕುಳಿತಿದ್ದರೆ ಕೆಳಗಡೆ ಅಗಲವಾಗಿರುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಮೂಲೆ ಕುಳಿತಿತೋ, ಮಧ್ಯ ಉಬ್ಬಿತೋ ಎಂಬುದನ್ನು ಬಿರುಕನ್ನು ಮಾತ್ರ ನೋಡಿ ಹೇಳಲಾಗದು. ಎರೆನೆಲದಲ್ಲಿ ಎರಡೂ ಸಾಧ್ಯ. ಕುಳಿತ ಮೂಲೆಗೆ ಕಂಬ ಬೇಕಾದೀತು. ಮಧ್ಯ ಉಬ್ಬಿದ್ದರೆ ಬೇಕಾದುದು ನೀರಿನ ನಿಯಂತ್ರಣ. ಆದುದರಿಂದ ಬಿರುಕಿನ ಎರಡೂ ಬದಿಗೆ ಗುರುತು ಹಾಕಿ, ತಿಂಗಳಿಗೊಮ್ಮೆ ಅಳೆದು, ದಿನಾಂಕದೊಡನೆ ಬರೆದಿಡಬೇಕು. ಜೊತೆಗೆ ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿ ಗೌಂಡಿಗಳು ಮಟ್ಟ ನೋಡುವ ವಿಧಾನದಿಂದ, ಮನೆಯ ನಾಲ್ಕು ಮೂಲೆಗಳ ಮಟ್ಟವನ್ನು ಮನೆಯಿಂದ ದೂರದ ಸ್ಥಿರವಾದ ಬಂಡೆ ಅಥವಾ ಕಲ್ಲಿನ ಮಟ್ಟದೊಡನೆ ಹೋಲಿಸಬೇಕು. ಒಂದು ಬೇಸಿಗೆ, ಒಂದು ಮಳೆಗಾಲ ಕಳೆಯುವವರೆಗೆ ಹೀಗೆ ನೋಡಿದರೆ ಮನೆ ತನ್ನ ರೋಗವನ್ನು ತಾನೇ ಹೇಳುತ್ತದೆ. ಮಳೆಗಾಲದಲ್ಲಿ ಮುಚ್ಚಿ ಬೇಸಿಗೆಯಲ್ಲಿ ತೆರೆಯುವ ಬಿರುಕು ಎರೆಮಣ್ಣಿನ ಏರಿಳಿತದ ಸಾಕ್ಷಿ. ಋತು ಯಾವುದೇ ಇರಲಿ, ಒಂದೇ ಸಮನೆ ಅಗಲವಾಗುತ್ತಿರುವ ಬಿರುಕು ಕುಸಿತದ ಸಾಕ್ಷಿ. ಆದರೆ ಬಿರುಕು ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ, ಗೋಡೆ ಹೊರಕ್ಕೆ ವಾಲುತ್ತಿದ್ದರೆ, ತೊಲೆಯ ತುದಿ ಗೋಡೆಯಿಂದ ಜಾರುತ್ತಿದ್ದರೆ ಕಾಯುವ ಮಾತಿಲ್ಲ. ಕೂಡಲೇ ಮನೆಯನ್ನು ತೆರವು ಮಾಡಿ, ತಾತ್ಕಾಲಿಕ ಊರುಗಂಬ ಕೊಡಿಸಿ, ಸಂರಚನಾ ಎಂಜಿನಿಯರರನ್ನು ಕರೆಯಿಸಬೇಕು.

ಮೊದಲು ನೀರು

ಕಂಬದ ಯೋಚನೆಗೆ ಮೊದಲು ಮಾಡಬೇಕಾದ ಕೆಲಸಗಳು ಕೆಲವಿವೆ. ಸ್ನಾನದ ಮನೆ, ಶೌಚಾಲಯ ಮತ್ತು ನೆಲದಡಿಯ ನೀರಿನ ತೊಟ್ಟಿಗಳ ಸೋರಿಕೆಯನ್ನು ಪರೀಕ್ಷಿಸಿ ನಿಲ್ಲಿಸಬೇಕು. ತಾರಸಿಯ ನೀರು ಗೋಡೆಯ ಬುಡಕ್ಕೆ ಬೀಳದಂತೆ ಕೊಳವೆಯ ಮೂಲಕ ದೂರ ಸಾಗಿಸಬೇಕು. ಮನೆಯ ಸುತ್ತ 1.5ರಿಂದ 2 ಮೀಟರು ಅಗಲಕ್ಕೆ, ಹೊರಕ್ಕೆ ಇಳಿಜಾರಾಗಿ, ನೀರು ಇಂಗದ ಹಾಸು ಹಾಕಬೇಕು. ಇದರಿಂದ ಅಡಿಪಾಯದ ಅಂಚಿನ ಮಣ್ಣು ಮಳೆಗಾಲದಲ್ಲಿ ಅತಿಯಾಗಿ ನೆನೆಯುವುದೂ ಬೇಸಿಗೆಯಲ್ಲಿ ಅತಿಯಾಗಿ ಒಣಗುವುದೂ ತಪ್ಪುತ್ತದೆ. ಗೋಡೆಗೆ ಆನಿಸಿದ ಹೂವಿನ ಪಾತಿಗಳನ್ನು ತೆಗೆಯಬೇಕು.

ದೊಡ್ಡ ಮರಗಳ ಬೇರು ಬೇಸಿಗೆಯಲ್ಲಿ ಅಡಿಪಾಯದ ಕೆಳಗಿನ ತೇವವನ್ನು ಹೀರುತ್ತದೆ. ಹಾಗೆಂದು ಮರವನ್ನು ದಿಢೀರನೆ ಕಡಿಯುವುದೂ ಜಾಣತನವಲ್ಲ. ಬಹುಕಾಲ ಒಣಗಿದ್ದ ಮಣ್ಣು ಮರ ಹೋದ ಮೇಲೆ ಮೆಲ್ಲನೆ ನೀರು ಕುಡಿದು ಉಬ್ಬಿ, ಹೊಸ ಬಿರುಕು ತಂದೀತು. ಅಲ್ಲದೆ ಮಹಾರಾಷ್ಟ್ರದ ನಗರಪ್ರದೇಶಗಳಲ್ಲಿ 1975ರ ಮರಸಂರಕ್ಷಣಾ ಕಾನೂನಿನಂತೆ ಅನುಮತಿಯಿಲ್ಲದೆ ಮರ ಕಡಿಯುವಂತಿಲ್ಲ. ಈ ಕ್ರಮಗಳನ್ನು ಕೈಗೊಂಡು ಒಂದು ಮಳೆಗಾಲ ಕಳೆದ ಮೇಲೆ ಅನೇಕ ಮನೆಗಳಲ್ಲಿ ಬಿರುಕಿನ ಚಲನೆ ನಿಲ್ಲುತ್ತದೆ. ಅಂತಹ ಮನೆಗೆ ಕಂಬದ ಅವಶ್ಯಕತೆಯೇ ಇಲ್ಲ. ಬಿರುಕನ್ನು ಹೊಲಿದು ಗಿಲಾವು ಮಾಡಿದರೆ ಸಾಕು.

ಗಟ್ಟಿ ನೆಲ ಸಮೀಪದಲ್ಲಿದ್ದರೆ

ನೀರನ್ನು ನಿಲ್ಲಿಸಿದ ಮೇಲೂ ಕುಸಿತ ಮುಂದುವರಿದರೆ ಅಡಿಪಾಯವನ್ನು ಆಳಕ್ಕೆ ಒಯ್ಯಬೇಕಾಗುತ್ತದೆ. ಮನೆಯ ಎರಡು ಮೂರು ಕಡೆ ಪರೀಕ್ಷಾ ಗುಂಡಿ ತೋಡಿಸಿ ಮುರುಮಿನ ಆಳ ನೋಡಬೇಕು. ಅದು ಎರಡು ಎರಡೂವರೆ ಮೀಟರಿನೊಳಗೆ ಸಿಕ್ಕರೆ ಉಕ್ಕಿನ ಕಂಬಕ್ಕಿಂತ ಹಳೆಯ ವಿಧಾನವೇ ಸಾಮಾನ್ಯವಾಗಿ ಮೇಲು. ಗೋಡೆಯ ಕೆಳಗೆ ಸುಮಾರು ಒಂದು ಮೀಟರು ಅಗಲದ ಗುಂಡಿಯನ್ನು ಮುರುಮಿನವರೆಗೆ ತೋಡಿ, ಕಾಂಕ್ರೀಟು ತುಂಬಿ, ಅದು ಗಟ್ಟಿಯಾದ ಮೇಲೆ ಹಳೆಯ ಅಡಿಪಾಯಕ್ಕೂ ಅದಕ್ಕೂ ನಡುವಿನ ಸಂದಿಗೆ ಅಲ್ಪ ನೀರಿನಲ್ಲಿ ಕಲಸಿದ ಸಿಮೆಂಟು ಮರಳಿನ ಗಾರೆಯನ್ನು ಬಿಗಿಯಾಗಿ ಗುದ್ದಿ ತುಂಬುತ್ತಾರೆ. ಒಂದು ಗುಂಡಿ ಮುಗಿದು ಭಾರ ಹೊತ್ತ ಮೇಲೆಯೇ ಪಕ್ಕದ ಗುಂಡಿ. ಒಂದಕ್ಕೊಂದು ತಾಗಿದ ಎರಡು ಗುಂಡಿಗಳನ್ನು ಒಟ್ಟಿಗೆ ತೆರೆಯಬಾರದು; ಗುಂಡಿಯ ಪಕ್ಕಗಳಿಗೆ ಹಲಗೆಯ ಆಸರೆ ಕೊಡದೆ ಕೂಲಿಯಾಳನ್ನು ಒಳಗೆ ಇಳಿಸಬಾರದು; ಮಳೆಗಾಲದಲ್ಲಿ ಈ ಕೆಲಸ ಹಿಡಿಯಬಾರದು. ಈ ವಿಧಾನದಲ್ಲಿ ತುಕ್ಕಿನ ಭಯವಿಲ್ಲ, ವಿಶೇಷ ಯಂತ್ರ ಬೇಡ, ನುರಿತ ಗೌಂಡಿಗಳು ಮಾಡಬಲ್ಲರು, ತಳದ ನೆಲವನ್ನು ಕಣ್ಣಾರೆ ನೋಡಬಹುದು.

ಉಕ್ಕಿನ ಕಂಬಗಳ ಮೂರು ಬಗೆ

ಗಟ್ಟಿ ನೆಲ ಆಳದಲ್ಲಿದ್ದಾಗ, ಅಥವಾ ಅಗೆಯಲು ಸ್ಥಳವಿಲ್ಲದಾಗ, ಉಕ್ಕು ಸಹಾಯಕ್ಕೆ ಬರುತ್ತದೆ. ಇದರಲ್ಲಿ ಮೂರು ಬಗೆಗಳಿವೆ.

ಮೊದಲನೆಯದು ಒತ್ತಿ ಇಳಿಸುವ ಕೊಳವೆ. ಅಡಿಪಾಯದ ಅಂಚಿಗೆ ಉಕ್ಕಿನ ಕೊಕ್ಕೆಯನ್ನು ಬಿಗಿದು, ಹೈಡ್ರಾಲಿಕ್ ಜಾಕಿನಿಂದ ಕೊಳವೆಯ ತುಂಡುಗಳನ್ನು ಒಂದರ ಮೇಲೊಂದು ಕೂಡಿಸುತ್ತ ನೆಲಕ್ಕೆ ಒತ್ತುತ್ತಾರೆ. ಜಾಕು ಮೇಲಕ್ಕೆ ಒತ್ತುವಾಗ ಅದನ್ನು ತಡೆಹಿಡಿಯುವುದು ಮನೆಯ ತೂಕವೇ. ಆದುದರಿಂದ ಭಾರವಾದ, ಗಟ್ಟಿಮುಟ್ಟಾದ ಮನೆಗೆ ಮಾತ್ರ ಇದು ಹೊಂದುತ್ತದೆ. ತಗಡಿನ ಅಥವಾ ಹಂಚಿನ ಮಾಡಿನ ಹಗುರ ಮನೆಯಲ್ಲಿ ಕೊಳವೆ ಗಟ್ಟಿ ನೆಲ ತಲಪುವ ಮೊದಲೇ ಗೋಡೆ ಮೇಲೆದ್ದು ಬಿರಿಯಬಹುದು.

ಎರಡನೆಯದು ತಿರುಪು ಕಂಬ. ಕಂಬದ ತುದಿಯಲ್ಲಿ ಸುರುಳಿಯಾದ ಉಕ್ಕಿನ ಎಲೆಗಳಿದ್ದು, ತಿರುಪುಮೊಳೆಯನ್ನು ಮರಕ್ಕೆ ತಿರುಗಿಸಿದಂತೆ ಇದನ್ನು ನೆಲಕ್ಕೆ ತಿರುಗಿಸಿ ಇಳಿಸುತ್ತಾರೆ. ಇದು ಹೊಸ ಕಲ್ಪನೆಯಲ್ಲ. ಬೆಲ್‌ಫಾಸ್ಟ್ ನಗರದ ಅಂಧ ಎಂಜಿನಿಯರ್ ಅಲೆಕ್ಸಾಂಡರ್ ಮಿಚೆಲ್ 1833ರಲ್ಲಿ ಇದಕ್ಕೆ ಪೇಟೆಂಟು ಪಡೆದರು. 1838ರಲ್ಲಿ ಥೇಮ್ಸ್ ನದೀಮುಖದ ಮೇಪ್ಲಿನ್ ಮರಳುದಿಬ್ಬದ ಮೇಲೆ ದೀಪಸ್ತಂಭಕ್ಕಾಗಿ ಇಂತಹ ಕಂಬಗಳನ್ನು ಇಳಿಸಲಾಯಿತು. ಅದೇ ಶತಮಾನದಲ್ಲಿ ನಮ್ಮ ದೇಶದ ಮುಂಬಯಿ–ಬರೋಡಾ ರೈಲುಮಾರ್ಗದ ಸೇತುವೆಗಳಿಗೂ ತಿರುಪು ಕಂಬಗಳನ್ನು ಬಳಸಿದರು. ಇದಕ್ಕೆ ಮನೆಯ ತೂಕದ ಆಸರೆ ಬೇಡ, ಮೇಲೆಳೆತವನ್ನೂ ತಡೆಯಬಲ್ಲದು. ಆದರೆ ಇದರ ಕ್ಷೇತ್ರ ಮೆದು ಮಣ್ಣು. ಪುಣೆಯ ಗಟ್ಟಿ ಮುರುಮಿಗೂ ಗುಂಡುಕಲ್ಲಿಗೂ ಸುರುಳಿ ಎಲೆ ತಾಗಿದರೆ ಬಾಗುತ್ತದೆ, ಇಲ್ಲವೆ ತಿರುಗುತ್ತ ನಿಂತಲ್ಲೇ ನಿಲ್ಲುತ್ತದೆ.

ಮೂರನೆಯದು ಕೊರೆದು ಕೂಡಿಸುವ ಕಿರುಕಂಬ. ನೆಲದಲ್ಲಿ ಸಣ್ಣ ವ್ಯಾಸದ ರಂಧ್ರವನ್ನು ಬಂಡೆಯೊಳಗಿನವರೆಗೆ ಕೊರೆದು, ಉಕ್ಕಿನ ಕೊಳವೆ ಅಥವಾ ಸರಳನ್ನು ಇಳಿಸಿ, ಸಿಮೆಂಟಿನ ತೆಳು ಗಾರೆಯನ್ನು ಒತ್ತಡದಿಂದ ತುಂಬುತ್ತಾರೆ. ಇಟಲಿಯ ಫೆರ್ನಾಂಡೊ ಲಿಝ್ಝಿ 1952ರ ಸುಮಾರಿಗೆ ಯುದ್ಧದಲ್ಲಿ ಜರ್ಝರಿತವಾದ ಹಳೆಯ ಕಟ್ಟಡಗಳಿಗಾಗಿ ಈ ಮಾರ್ಗವನ್ನು ರೂಪಿಸಿದರು. ನಡುವೆ ಗುಂಡುಕಲ್ಲು ಸಿಕ್ಕರೂ ಕೊರೆಯುವ ಯಂತ್ರ ಅದನ್ನು ದಾಟುತ್ತದೆ. ಕಂಬ ಬಂಡೆಯೊಳಗೆ ನಾಟಿ ಕೂರುವುದರಿಂದ ಒತ್ತಿದರೂ ಎಳೆದರೂ ಅಲ್ಲಾಡದು. ಉಕ್ಕಿನ ಸುತ್ತ ಸಿಮೆಂಟಿನ ಕವಚವಿರುವುದರಿಂದ ತುಕ್ಕು ತಡವಾಗುತ್ತದೆ. ಮೇಲೆ ಎರೆ, ಕೆಳಗೆ ಬಸಾಲ್ಟ್ ಇರುವ ಪುಣೆಯಂತಹ ನೆಲಕ್ಕೆ ಮೂರರಲ್ಲಿ ಹೆಚ್ಚಾಗಿ ಹೊಂದುವುದು ಇದೇ. ಖರ್ಚು ಮಾತ್ರ ಹೆಚ್ಚು. ಕೊರೆಯುವಾಗ ನೀರನ್ನು ಬೇಕಾಬಿಟ್ಟಿ ಹರಿಸಿ ಎರೆಮಣ್ಣನ್ನು ನೆನೆಸದಂತೆ ನೋಡಿಕೊಳ್ಳಬೇಕು.

ಆಯ್ಕೆಯ ಲೆಕ್ಕಾಚಾರ

ಕಂಬ ಎಷ್ಟು ಭಾರ ಹೊರಬೇಕೆಂಬುದನ್ನು ಒಂದು ಉದಾಹರಣೆಯಿಂದ ನೋಡೋಣ. 23 ಸೆಂಟಿಮೀಟರು ದಪ್ಪ, 3 ಮೀಟರು ಎತ್ತರದ ಇಟ್ಟಿಗೆಯ ಗೋಡೆ ಪ್ರತಿ ಮೀಟರು ಉದ್ದಕ್ಕೆ ಸುಮಾರು 1.3 ಟನ್ ತೂಗುತ್ತದೆ. ಅದರ ಮೇಲೆ ಕೂರುವ ತಾರಸಿಯ ಪಾಲು, ಜನ ಮತ್ತು ಸಾಮಾನಿನ ಭಾರ ಸೇರಿ, ಸುಮಾರು 0.9 ಟನ್. ಅಂದರೆ ಒಂದು ಅಂತಸ್ತಿಗೆ 2.2 ಟನ್. ಎರಡಂತಸ್ತಿಗೆ 4.4 ಟನ್, ಪಾಯದ ಕಟ್ಟಡವನ್ನು ಸೇರಿಸಿದರೆ ಮೀಟರಿಗೆ ಸುಮಾರು 6 ಟನ್. ಒಂದೂವರೆ ಮೀಟರಿಗೆ ಒಂದರಂತೆ ಕಂಬ ಇಟ್ಟರೆ ಒಂದೊಂದಕ್ಕೂ 9 ಟನ್ ಬೀಳುತ್ತದೆ. ಅದರ ಒಂದೂವರೆ ಪಟ್ಟು, ಎಂದರೆ 13.5 ಟನ್ ಹಾಕಿ ಪರೀಕ್ಷಿಸಿ ನೋಡುವುದು ಕ್ಷೇಮ. ಜಾಕಿನ ದಂಡದ ವಿಸ್ತೀರ್ಣ 50 ಚದರ ಸೆಂಟಿಮೀಟರಿದ್ದರೆ, ಒತ್ತಡಮಾಪಕದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ 270 ಕಿಲೋಗ್ರಾಮು ತೋರಿದಾಗ ಕಂಬದ ಮೇಲೆ 13,500 ಕಿಲೋ, ಅಂದರೆ 13.5 ಟನ್ ಬಿದ್ದಂತಾಯಿತು. ಈ ಗುಣಾಕಾರವನ್ನು ಮನೆಯ ಯಜಮಾನರೇ ಮಾಡಿ ನೋಡಬಹುದು. ಪ್ರತಿ ಕಂಬದ ಆಳ, ಮಾಪಕದ ಅಂಕಿ, ದಿನಾಂಕ ಇವನ್ನು ಬರೆದುಕೊಡದ ಗುತ್ತಿಗೆದಾರರಿಗೆ ಕೆಲಸ ಒಪ್ಪಿಸಬಾರದು.

ಎರಡನೆಯ ಸಂಗತಿ ಗೋಡೆಯ ಗುಣ. 9 ಟನ್ ತೂಗುವ ಜಾಗದಲ್ಲಿ 13.5 ಟನ್ ಒತ್ತಲು ಸಾಧ್ಯವಾಗುವುದು, ಗಟ್ಟಿ ಗೋಡೆ ಅಕ್ಕಪಕ್ಕದ ತೂಕವನ್ನೂ ಕೂಡಿಸಿಕೊಡುವುದರಿಂದ. ಉಕ್ಕಿನ ಕೊಕ್ಕೆಯನ್ನು ಮೂಲತಃ ಕಾಂಕ್ರೀಟಿನ ಅಡಿಪಾಯಕ್ಕಾಗಿ ರಚಿಸಲಾಗಿದೆ. ಪುಣೆಯ ಹಳೆಯ ವಾಡೆಗಳ, ಐವತ್ತು ಅರವತ್ತು ವರ್ಷದ ಬಂಗಲೆಗಳ ಅಡಿಪಾಯವಾದರೋ ಹಲವೆಡೆ ಒರಟು ಕಲ್ಲಿನದು. ಸುಣ್ಣ ಅಥವಾ ಮಣ್ಣಿನ ಗಾರೆಯದು. ಅಂತಹ ಕಟ್ಟಡಕ್ಕೆ ಕೊಕ್ಕೆ ಹಾಕಿ ಎತ್ತಿದರೆ ಗೋಡೆ ಏಳುವುದಿಲ್ಲ, ಕಲ್ಲೊಂದು ಕಳಚಿ ಬರುತ್ತದೆ. ಮೊದಲು ಗೋಡೆಯ ಎರಡೂ ಬದಿಗೆ ಕಬ್ಬಿಣ ಹಾಕಿದ ಕಾಂಕ್ರೀಟಿನ ತೊಲೆ ಕಟ್ಟಿ, ಗೋಡೆಯನ್ನು ಅಡ್ಡ ಹಾಯುವ ಕಿರುತೊಲೆಗಳಿಂದ ಅವನ್ನು ಬಂಧಿಸಿ, ಆಮೇಲೆ ಆ ತೊಲೆಗಳನ್ನು ಕಂಬಗಳ ಮೇಲೆ ಕೂರಿಸಬೇಕು. ಮಣ್ಣಿನ ಗಾರೆಯ ದಪ್ಪ ಕಲ್ಲುಗೋಡೆಗಳು ಅಲ್ಲಾಟಕ್ಕೆ ಹೇಗೆ ಬಿಚ್ಚಿಕೊಳ್ಳುತ್ತವೆಂಬುದನ್ನು 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪ ದಾರುಣವಾಗಿ ತೋರಿಸಿಕೊಟ್ಟಿತು. ತೆಳುವಾದ ಉಕ್ಕಿನ ಕಂಬ ಮೇಲಿನ ಭಾರ ಹೊರುತ್ತದೆ. ಪಕ್ಕದ ತಳ್ಳಾಟವನ್ನು ಅದೊಂದೇ ತಡೆಯದು. ಕಂಬಗಳನ್ನು ಒಂದಕ್ಕೊಂದು ಕಟ್ಟುವ ತೊಲೆ ಇದಕ್ಕಾಗಿಯೂ ಬೇಕು.

ಮೂರನೆಯದು ಮೇಲೆಳೆತ. ಉಬ್ಬುವ ಎರೆಮಣ್ಣು ಕಂಬದ ಮೈಯನ್ನು ಹಿಡಿದು ಮೇಲಕ್ಕೆ ಎಳೆಯುತ್ತದೆ. ಆದುದರಿಂದ ಕಂಬ ಋತುಮಾನದ ವಲಯವನ್ನು ದಾಟಿ ಕೆಳಗೆ ಬೇರೂರಿರಬೇಕು. ಎರೆಮಣ್ಣಿನಲ್ಲಿಯೇ ಎರಡು ಮೀಟರಿಗೆ ನಿಂತ ಕಂಬ ಮನೆಯೊಡನೆ ತಾನೂ ಏರಿಳಿಯುತ್ತದೆ. ಒತ್ತಿ ಇಳಿಸುವ ಕೊಳವೆ ಗುಂಡುಕಲ್ಲೊಂದಕ್ಕೆ ತಾಗಿ ನಿಂತಾಗ ಬಂಡೆ ಸಿಕ್ಕಿತೆಂದು ಭ್ರಮಿಸುವ ಅಪಾಯವೂ ಇದೆ. ಪರೀಕ್ಷಾ ಗುಂಡಿಯ ಅಥವಾ ಕೊರೆತದ ಆಳದೊಡನೆ ಹೋಲಿಸಿದರೆ ಇದು ಗೊತ್ತಾಗುತ್ತದೆ. ಕಂಬದ ಮೇಲೆ ಕೂರುವ ತೊಲೆಯ ಕೆಳಗೆ ಸುಮಾರು 8 ಸೆಂಟಿಮೀಟರು ಖಾಲಿ ಜಾಗ ಬಿಡಬೇಕು. ಮಣ್ಣು ಉಬ್ಬಿದರೆ ಆ ಜಾಗಕ್ಕೆ ಬರಲಿ, ತೊಲೆಯನ್ನು ಎತ್ತದಿರಲಿ.

ನಾಲ್ಕನೆಯದು ತುಕ್ಕು. ತೇವ ಮತ್ತು ಗಾಳಿ ಎರಡೂ ಸಿಗುವ ಮೇಲಿನ ಪದರದಲ್ಲಿ ಉಕ್ಕು ಬೇಗ ಸವೆಯುತ್ತದೆ; ಒಳಚರಂಡಿ ಸೋರುವಲ್ಲಿ ಇನ್ನೂ ಬೇಗ. ಕೊಳವೆ ಸಂರಚನೆಗೆಂದು ತಯಾರಾದ ಐಎಸ್ 1161ರ ಗುಣಮಟ್ಟದ್ದಾಗಿರಬೇಕು. ಗುಜರಿಯ ಹಳೆಯ ಕೊಳವೆ ಆಗದು. ಬಿಸಿ ಸತುವಿನ ಲೇಪಕ್ಕೆ ಐಎಸ್ 4759 ಇದೆ. ಭಾರಕ್ಕೆ ಬೇಕಾದುದಕ್ಕಿಂತ ಹೆಚ್ಚಿನ ದಪ್ಪವನ್ನು ತುಕ್ಕಿನ ಪಾಲಿಗೆಂದು ಬಿಟ್ಟಿರಬೇಕು. ಕೆಲಸದ ಸ್ಥಳದಲ್ಲಿ ಬೆಸುಗೆ ಹಾಕಿದ ಕಡೆ ಲೇಪ ಸುಟ್ಟುಹೋಗುವುದರಿಂದ ಅಲ್ಲಿ ಮತ್ತೆ ಬಳಿಯಬೇಕು. ಪೈಲು ಅಡಿಪಾಯಗಳ ಮಾನಕವಾದ ಐಎಸ್ 2911ರ ಮೊದಲ ಮೂರು ಭಾಗಗಳು ಕಾಂಕ್ರೀಟು, ಮರ ಮತ್ತು ಬುಡ ಅಗಲಿಸಿದ ಕಂಬಗಳನ್ನು ಕುರಿತವು. ನಾಲ್ಕನೆಯದು ಭಾರಪರೀಕ್ಷೆಯನ್ನು ಕುರಿತದ್ದು. ಉಕ್ಕಿನ ಕಂಬ ಆರಿಸಿದವರು, ಒಂದೆರಡು ಕಂಬಗಳಿಗಾದರೂ ಈ ನಾಲ್ಕನೆಯ ಭಾಗದಂತೆ ಭಾರಪರೀಕ್ಷೆ ಆಗಲೇಬೇಕೆಂದು ಕರಾರಿನಲ್ಲಿ ಬರೆಸುವುದು ಒಳ್ಳೆಯದು.

ಐದನೆಯದು ಎಷ್ಟು ಭಾಗಕ್ಕೆ ಕಂಬ ಎಂಬುದು. ಹಣ ಉಳಿಸಲೆಂದು ಒಂದು ಮೂಲೆಯನ್ನು ಮಾತ್ರ ಬಂಡೆಗೆ ಕಟ್ಟಿ ಉಳಿದ ಮನೆಯನ್ನು ಎರೆಯ ಮೇಲೆ ಬಿಟ್ಟರೆ, ಆ ಮೂಲೆ ನಿಲ್ಲುತ್ತದೆ, ಉಳಿದುದು ಏರಿಳಿಯುತ್ತದೆ, ಎರಡೂ ಕೂಡುವಲ್ಲಿ ಹೊಸ ಬಿರುಕು ಹುಟ್ಟುತ್ತದೆ. ಭಾಗಶಃ ಕಂಬ ಹಾಕುವುದಾದರೆ ಉಳಿದ ಭಾಗ ನಿಜವಾಗಿಯೂ ಸ್ಥಿರವಾಗಿದೆಯೆಂದು ವರ್ಷದ ಅಳತೆಗಳಿಂದ ಖಚಿತಪಡಿಸಿಕೊಂಡಿರಬೇಕು.

ಎತ್ತುವುದೋ, ನಿಲ್ಲಿಸುವುದೋ

ಕುಳಿತ ಮನೆಯನ್ನು ಮೊದಲಿನ ಮಟ್ಟಕ್ಕೆ ಎತ್ತಿಕೊಡುತ್ತೇವೆಂಬ ಮಾತು ಆಕರ್ಷಕ. ಆದರೆ ಹತ್ತು ವರ್ಷಗಳಲ್ಲಿ ಕುಳಿತ ಗೋಡೆಯನ್ನು ಹತ್ತು ಗಂಟೆಯಲ್ಲಿ ಎತ್ತಿದರೆ ಇಟ್ಟಿಗೆಯ ಗೋಡೆ ತಡೆಯದು. ನೀರಿನ ಕೊಳವೆ, ಚರಂಡಿಯ ಕೀಲುಗಳು ಬಿಡುತ್ತವೆ. ಇನ್ನೂ ಮುಖ್ಯವಾದುದು ಕಾಲ. ಮೇ ತಿಂಗಳಲ್ಲಿ ಎರೆಮಣ್ಣು ಅತ್ಯಂತ ಕುಗ್ಗಿರುತ್ತದೆ. ಆಗ ಮೂಲೆಯನ್ನು ಎತ್ತಿ ಮಟ್ಟ ಸರಿಪಡಿಸಿದರೆ, ಆಗಸ್ಟಿನಲ್ಲಿ ಉಳಿದ ಮಣ್ಣು ಉಬ್ಬಿ ಮಟ್ಟ ಮತ್ತೆ ಕೆಡುತ್ತದೆ. ಹೆಚ್ಚಿನ ಮನೆಗಳಿಗೆ ಇದ್ದ ಮಟ್ಟದಲ್ಲಿ ಭದ್ರವಾಗಿ ನಿಲ್ಲಿಸುವುದೇ ವಿವೇಕ. ಎತ್ತಲೇಬೇಕಾದರೆ ಮಳೆಗಾಲ ಕಳೆದ ಕೆಲವು ವಾರಗಳ ಮೇಲೆ, ಎಲ್ಲ ಜಾಕುಗಳನ್ನೂ ಒಟ್ಟಿಗೆ, ಮಿಲಿಮೀಟರಿನ ಲೆಕ್ಕದಲ್ಲಿ, ಪ್ರತಿ ಹಂತದಲ್ಲಿ ಬಿರುಕನ್ನು ಗಮನಿಸುತ್ತ ಎತ್ತಬೇಕು.

ಹೊಸದಾಗಿ ಕಟ್ಟುವವರಿಗೆ

ದುರಸ್ತಿಗಿಂತ ಮುನ್ನೆಚ್ಚರಿಕೆ ಅಗ್ಗ. ಎರೆನೆಲಕ್ಕೆ ತಕ್ಕ ಅಡಿಪಾಯವನ್ನು ನಮ್ಮ ದೇಶದ ವಿಜ್ಞಾನಿಗಳೇ ರೂಪಿಸಿದ್ದಾರೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯಲ್ಲಿ ಡಾ. ದಿನೇಶ್ ಮೋಹನ್ ಮತ್ತು ಅವರ ಸಹೋದ್ಯೋಗಿಗಳು ಬುಡ ಅಗಲಿಸಿದ ಕಾಂಕ್ರೀಟು ಕಂಬವನ್ನು ಬಳಕೆಗೆ ತಂದರು. ಸಣ್ಣ ವ್ಯಾಸದ ಗುಂಡಿಯನ್ನು ಸುಮಾರು 3.5 ಮೀಟರು ಅಥವಾ ಇನ್ನೂ ಆಳಕ್ಕೆ ಕೊರೆದು, ಬುಡದಲ್ಲಿ ವಿಶೇಷ ಉಪಕರಣದಿಂದ ಸಾಮಾನ್ಯವಾಗಿ ಎರಡೂವರೆ ಪಟ್ಟು ವ್ಯಾಸಕ್ಕೆ ಗಡ್ಡೆಯಾಕಾರದಲ್ಲಿ ಅಗಲಿಸಿ, ಕಾಂಕ್ರೀಟು ತುಂಬುವ ಈ ವಿಧಾನ ಐಎಸ್ 2911ರ ಮೂರನೆಯ ಭಾಗದಲ್ಲಿ ಮಾನಕವಾಗಿದೆ. ಬುಡದ ಗಡ್ಡೆ ಸ್ಥಿರ ವಲಯದಲ್ಲಿ ಕುಳಿತು ಕೆಳಕ್ಕೂ ಜಾರದು, ಮೇಲಕ್ಕೂ ಏಳದು.

ಕನ್ನಡ ನಾಡಿಗೆ ಸಂಬಂಧಿಸಿದ ಇನ್ನೊಂದು ಸಾಧನೆಯನ್ನು ಇಲ್ಲಿ ನೆನೆಯಬೇಕು. ಮಲಪ್ರಭಾ ಯೋಜನೆಯ ಕಾಲುವೆಗಳು ಎರೆನೆಲದಲ್ಲಿ ಸಾಗುವಾಗ ಅವುಗಳ ಕಾಂಕ್ರೀಟು ಹೊದಿಕೆ ಉಬ್ಬಿಗೆ ತುತ್ತಾಗುವ ಸಮಸ್ಯೆಯಿತ್ತು. ಮುಂಬಯಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಡಾ. ಆರ್. ಕೆ. ಕಟ್ಟಿ ಅವರು, ಅಂಟುಗುಣವಿದ್ದೂ ಉಬ್ಬದ ಮಣ್ಣಿನ ಸುಮಾರು ಒಂದು ಮೀಟರು ದಪ್ಪದ ಪದರವನ್ನು ಎರೆಯ ಮೇಲೆ ಹಾಸಿ ಅದುಮಿದರೆ ಕೆಳಗಿನ ಉಬ್ಬು ಅಡಗುತ್ತದೆಂದು ತಮ್ಮ ಸಂಶೋಧನೆಯಿಂದ ತೋರಿಸಿದರು. ಮನೆಯ ನೆಲಹಾಸಿನ ಕೆಳಗೂ ಈ ತತ್ವವನ್ನು ಅನ್ವಯಿಸಬಹುದು. ಕಂಬಗಳಿಂದ ಗೋಡೆಯನ್ನು ನಿಲ್ಲಿಸಿದ ಮೇಲೂ ಒಳಗಿನ ಫರಸಿ ಉಬ್ಬುತ್ತಲೇ ಇದ್ದರೆ, ಅದಕ್ಕೆ ಪರಿಹಾರ ಇಂತಹ ಮಣ್ಣಿನ ಬದಲಾವಣೆಯೇ ಹೊರತು ಮತ್ತಷ್ಟು ಕಂಬಗಳಲ್ಲ.

ಕರಾರಿಗೆ ಮುನ್ನ

ಕೊನೆಯದಾಗಿ ಕೆಲವು ವ್ಯಾವಹಾರಿಕ ಮಾತುಗಳು. ರೋಗ ಪರೀಕ್ಷಿಸುವವರೂ ಔಷಧ ಮಾರುವವರೂ ಒಬ್ಬರೇ ಆಗಬಾರದು. ಕಂಬ ಮಾರುವ ಸಂಸ್ಥೆಯ ಪ್ರತಿನಿಧಿಯ ವರದಿಯನ್ನೇ ಅವಲಂಬಿಸದೆ, ಪುಣೆ ಮಹಾನಗರಪಾಲಿಕೆಯ ಪರವಾನಗಿ ಪಡೆದ ಸ್ವತಂತ್ರ ಸಂರಚನಾ ಎಂಜಿನಿಯರರಿಂದ ಮಣ್ಣಿನ ವರದಿಯ ಆಧಾರದ ಮೇಲೆ ನಕ್ಷೆ ಪಡೆಯಬೇಕು. ಕಂಬದ ಬಗೆ, ವ್ಯಾಸ, ದಪ್ಪ, ಲೇಪ, ಕನಿಷ್ಠ ಆಳ, ಪರೀಕ್ಷಾಭಾರ ಇವೆಲ್ಲ ಕರಾರಿನಲ್ಲಿ ಅಂಕಿಗಳಲ್ಲಿ ಇರಬೇಕು. ನಕ್ಷೆಯ ಆಳಕ್ಕಿಂತ ಮೊದಲೇ ಕಂಬ ನಿಂತರೆ ಏನು ಮಾಡಬೇಕು, ಯಾರು ಖರ್ಚು ಭರಿಸಬೇಕು ಎಂಬುದೂ ಬರೆದಿರಬೇಕು. ಖಾತರಿ ಪತ್ರ ಕೊಟ್ಟರೆ ಅದು ಕಂಬದ ಉಕ್ಕಿಗೆ ಮಾತ್ರವೋ, ಮನೆಯ ಚಲನೆಗೂ ಅನ್ವಯಿಸುವುದೋ ಎಂದು ಓದಿ ತಿಳಿಯಬೇಕು. ಗೋಡೆ ಹಂಚಿಕೊಂಡ ನೆರೆಯವರಿಗೆ ಮೊದಲೇ ತಿಳಿಸಿ, ಅವರ ಗೋಡೆಯ ಸ್ಥಿತಿಯನ್ನು ಛಾಯಾಚಿತ್ರ ಸಹಿತ ದಾಖಲಿಸಿಡಬೇಕು. ಕೆಲಸ ಮುಗಿದ ಮೇಲೂ ಎರಡು ಮಳೆಗಾಲಗಳವರೆಗೆ ಬಿರುಕಿನ ಮತ್ತು ಮಟ್ಟದ ಅಳತೆಯನ್ನು ಮುಂದುವರಿಸಬೇಕು.

ಮಾನ್ಯರೇ, ಇಷ್ಟೆಲ್ಲ ಹೇಳಿದುದರ ಸಾರ ಇದು. ಮೊದಲು ಅಳತೆ, ಬಳಿಕ ನೀರಿನ ನಿಯಂತ್ರಣ, ಆಮೇಲೆ ಪರೀಕ್ಷಾ ಗುಂಡಿ. ಮುರುಮು ಸಮೀಪದಲ್ಲಿದ್ದರೆ ಕಾಂಕ್ರೀಟು. ಆಳದಲ್ಲಿದ್ದರೆ ಬಂಡೆಗೆ ನಾಟಿದ ಉಕ್ಕು. ಈ ಕ್ರಮವನ್ನು ಪಾಲಿಸಿದವರಿಗೆ ಅನಗತ್ಯವಾದ ಕಂಬದ ಖರ್ಚು ಉಳಿಯುತ್ತದೆ. ಅಗತ್ಯವಾದ ಕಂಬ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ತಾವೆಲ್ಲರೂ ತಮ್ಮ ಮನೆಗಳ ಸುತ್ತ ಒಮ್ಮೆ ನಡೆದು, ತಾರಸಿಯ ನೀರು ಎಲ್ಲಿ ಬೀಳುತ್ತಿದೆಯೆಂದು ಈ ಮಳೆಗಾಲಕ್ಕೆ ಮುನ್ನವೇ ನೋಡಿಕೊಳ್ಳಬೇಕೆಂದು ಕೋರುತ್ತೇನೆ.